ಮೌಸ್ ಮುಟ್ಟದ ಟೀಚರ್

"ಅಂಗಡಿ ಬಾಗಿಲು ಹಾಕಿಸ್ಬೇಕು ಅಂತಿದ್ರೆ ನೇರವಾಗಿ ಹೇಳಿಬಿಡಿ ಅತ್ತಿಗೆ! ಮಕ್ಕಳ ನೆಪ ಯಾಕೆ?"

"ನೇರವಾಗೇ ಹೇಳ್ತಿದೀನಲ್ಲಪ್ಪ. ನಮ್ಮ ಶಾಲೆ ಮಕ್ಕಳು ಯಾರೂ ಇನ್ನು ನಿನ್ನ ಹತ್ರ ಪ್ರಾಜೆಕ್ಟ್ ಮಾಡಿಸ್ಕೊಂಡು ಬರೋ ಹಾಗಿಲ್ಲ. ತಂದ್ರೆ ನಾನು ಬಿಚ್ಚಿ ಕೂಡ ನೋಡಲ್ಲ."

"ಹಾಗಾದ್ರೆ ನಾನೇನು ಮಣ್ಣು ತಿನ್ನಲಾ?"

"ಮಣ್ಣು ಯಾಕೆ, ತಟ್ಟೇಲಿ ಅನ್ನ ಇದೆ. ತಿನ್ನು, ಆರ್ತಾ ಇದೆ."

ನೀರು ಕುಡಿಯುತ್ತಿದ್ದ ಅತ್ತಿಗೆಯ ಮಗಳು ಚೂಟಿ ನಗು ತಡೆಯಲಾರದೆ ಮೂಗಿಗೆ ನೀರು ಹತ್ತಿಸಿಕೊಂಡು ಕೆಮ್ಮಿದಳು. ಅಜ್ಜಿ ಮೊಮ್ಮಗಳ ಬೆನ್ನಿಗೆ ಒಂದು ಗುದ್ದಿ ಸೊಸೆಯ ಕಡೆ ತಿರುಗಿದಳು.

"ಮನೆ ಹುಡುಗನ ಹೊಟ್ಟೆ ಮೇಲೆ ಹೊಡೆದು ಊರ ಮಕ್ಕಳನ್ನ ಉದ್ಧಾರ ಮಾಡೋಕೆ ಹೊರಟಿದಾಳೆ. ಏನೇ, ಆ ಮಕ್ಕಳೇನು ನಿಂಗೆ ತರಕಾರಿ ತಂದು ಹಾಕ್ತಾರಾ? ಹಾಲು ತಂದು ಕೊಡ್ತಾರಾ?"

"ಸಂಬಳ ತಂದು ಕೊಡ್ತಾರೆ ಅತ್ತೆ. ಅವರಿಗೆ ಕಲಿಸೋಕೆ ಅಂತ ಕೊಡೋ ಸಂಬಳ."

ಮನೆಯ ಯಜಮಾನ ಎನ್ನಿಸಿಕೊಂಡವನು ತಟ್ಟೆಯಿಂದ ತಲೆ ಎತ್ತಲಿಲ್ಲ. ಅವನು ಒಂದು ದೊಡ್ಡ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಅಡುಗೆಯವನು. ಹಗಲೆಲ್ಲ ನೂರಾರು ಜನರ ಗದ್ದಲದಲ್ಲಿ ಬೆಂದು ಬಂದವನಿಗೆ ಮನೆಯ ಗದ್ದಲ ಕಿವಿಗೇ ಬೀಳುತ್ತಿರಲಿಲ್ಲ. ಬಿದ್ದರೂ ಬೀಳದವನ ಹಾಗೆ ಇರುವುದನ್ನು ಅವನು ಮದುವೆಯಾದ ವರ್ಷವೇ ಕಲಿತಿದ್ದ.

ಮನೆಯ ಮುಂದಿನ ಕೋಣೆಯೇ ಅವನ ತಮ್ಮನ ಅಂಗಡಿ. ಒಂದು ಕಂಪ್ಯೂಟರು, ಒಂದು ಪ್ರಿಂಟರು, ಏದುಸಿರು ಬಿಡುವ ಒಂದು ಜೆರಾಕ್ಸ್ ಯಂತ್ರ. ಊರಿನವರು ಅವನನ್ನು ಕರೆಯುತ್ತಿದ್ದುದೂ ಜೆರಾಕ್ಸ್ ಎಂದೇ. ಹೈಸ್ಕೂಲಿನ ಮಕ್ಕಳು ಸಂಜೆ ಬಂದು, "ಅಂಕಲ್, ನೀರಿನ ಮಾಲಿನ್ಯ ಒಂದು, ಚಿತ್ರ ಹಾಕಿ," ಎಂದು ಹೋಟೆಲಿನಲ್ಲಿ ಕಾಫಿ ಹೇಳುವ ಹಾಗೆ ಹೇಳಿ ಹೋಗುತ್ತಿದ್ದರು. ಮರುದಿನ ಬಣ್ಣದ ರಟ್ಟು ಹಾಕಿದ ಪ್ರಾಜೆಕ್ಟ್ ಸಿದ್ಧ. ಹಳೆಯ ವರ್ಷದ್ದಕ್ಕೇ ಹೆಸರು ಬದಲಾಯಿಸಿ ಕೊಡುತ್ತಿದ್ದ. ಒಂದು ಸಲ ಅದನ್ನೂ ಮರೆತು, ಮೀಸೆ ಚಿಗುರುತ್ತಿದ್ದ ಹುಡುಗನೊಬ್ಬನ ಪ್ರಾಜೆಕ್ಟಿನ ಒಳಪುಟದಲ್ಲಿ 'ನಾನೊಬ್ಬ ವಿದ್ಯಾರ್ಥಿನಿಯಾಗಿ' ಎಂದು ಉಳಿದುಹೋಗಿತ್ತು. ಹುಡುಗ ಓದದೆಯೇ ತಂದು ಕೊಟ್ಟಿದ್ದ. ಟೀಚರ್ ಓದದೆಯೇ ಅಂಕ ಹಾಕಿದ್ದಳು.

ಆ ಟೀಚರ್ ಇವಳೇ, ಜೆರಾಕ್ಸನ ಅತ್ತಿಗೆ. ಅದೇ ಹೈಸ್ಕೂಲಿನಲ್ಲಿ ಕಂಪ್ಯೂಟರ್ ಪಾಠ ಮಾಡುವವಳು. ಮೈದುನ ಟೈಪ್ ಮಾಡಿದ್ದಕ್ಕೆ ಅತ್ತಿಗೆ ಅಂಕ ಕೊಡುವುದು ಮನೆಯ ಒಳಗಿನ ವ್ಯವಹಾರದ ಹಾಗೆ ನಡೆದುಕೊಂಡು ಬಂದಿತ್ತು. ಮಾತೇ ಆಡದ ಕಾರಣ ಎಲ್ಲರೂ ಮೌನಿ ಎಂದು ಕರೆಯುತ್ತಿದ್ದ ಒಂಬತ್ತನೇ ತರಗತಿಯ ಹುಡುಗಿ ಒಂದು ದಿನ ಕಂಪ್ಯೂಟರಿನ ಮುಂದೆ ಸುಮ್ಮನೆ ಕೂತೇ ಇದ್ದಳು. "ಯಾಕೆ, ಶುರು ಮಾಡು," ಎಂದರೆ, "ಇದನ್ನ ಹೇಗೆ ಆನ್ ಮಾಡೋದು ಮಿಸ್?" ಎಂದಳು. ಹಿಂದಿನ ವರ್ಷ ಪ್ರಾಜೆಕ್ಟಿಗೆ ತರಗತಿಗೇ ಹೆಚ್ಚು ಅಂಕ ಬಂದಿದ್ದು ಅವಳಿಗೇ.

ಟೀಚರ್‌ಗೆ ಕೆನ್ನೆಗೆ ಹೊಡೆಸಿಕೊಂಡ ಹಾಗಾಯಿತು. ನೇರ ಹೆಡ್‌ಮಾಸ್ಟರ ಕೋಣೆಗೆ ಹೋದಳು. ಈ ವರ್ಷ ಪ್ರಾಜೆಕ್ಟ್ ಫೈಲು ಬೇಡ, ಹೊರಗಿನ ಪರೀಕ್ಷಕರು ಬಂದಾಗ ಮಕ್ಕಳು ಯಂತ್ರದ ಮುಂದೆಯೇ ಕೂತು ಮಾಡಿ ತೋರಿಸಲಿ ಎಂದಳು. ಹೆಡ್‌ಮಾಸ್ಟರು ಕನ್ನಡಕ ತೆಗೆದು ಒರೆಸಿದರು.

"ಫೈಲು ಇದ್ರೆ ಎಲ್ಲರೂ ಪಾಸು. ಇದು ನಿಮಗೆ ನೀವೇ ಹಾಕ್ಕೊಳ್ತಿರೋ ಹಗ್ಗ. ಮಕ್ಕಳು ಬಾಯಿ ಬಾಯಿ ಬಿಟ್ರೆ ಮುಂದಿನ ವರ್ಷದಿಂದ ಆ ಪೀರಿಯಡ್ ಗಣಿತಕ್ಕೆ ಹೋಗುತ್ತೆ. ಲ್ಯಾಬಿಗೆ ಬೀಗ. ಆಮೇಲೆ ನನ್ನ ಹತ್ರ ಬಂದು ಅಳಬಾರದು."

"ಅಳೋಳು ನಾನಲ್ಲ ಸರ್," ಎಂದು ಬಂದಿದ್ದಳು. ಅಂದು ಸಂಜೆಯೇ ಮನೆಯಲ್ಲಿ ಈ ಜಗಳ.

ಜೆರಾಕ್ಸ್ ತಟ್ಟೆ ತಳ್ಳಿದ. "ಆಯ್ತು. ನಾನು ಮಕ್ಕಳ ಕೆಲಸ ಮಾಡ್ಕೊಟ್ಟು ಕಾಸು ತಗೋತೀನಿ, ತಪ್ಪು. ನೀವು ಏನ್ ಮಾಡ್ತೀರಿ? ನೀವೂ ಅದೇ ಮಾಡೋದು. ಮಗು ಒಂದು ಕಡೆ ತಡವರಿಸಿದ್ರೆ ಮೌಸ್ ಕಿತ್ಕೊಂಡು ಟಕ ಟಕ ಅಂತ ನೀವೇ ಮಾಡಿಬಿಡ್ತೀರಿ. ಅವು ಕೈಕಟ್ಕೊಂಡು ನೋಡ್ತವೆ. ನಂಬಿಕೆ ಇಲ್ವಾ? ನಿಮ್ಮ ಮಗಳನ್ನೇ ಕೇಳಿ."

ಎಲ್ಲರೂ ಚೂಟಿಯ ಕಡೆ ನೋಡಿದರು. ಅವಳೂ ಅದೇ ತರಗತಿ.

"ನನ್ನ ಯಾಕೆ ಎಳೀತೀರಿ?" ಎಂದಳು ಚೂಟಿ.

"ಹೇಳೇ."

"ಹೇಳಿದ್ರೆ ಬೈಬಾರದು."

"ಬೈಯಲ್ಲ, ಬೊಗಳು!"

"ನೋಡು, ಈಗಲೇ ಬೈದೆ. ಹೂಂ, ಕಿತ್ಕೋತೀಯ ಅಮ್ಮ. ನಿಂಗೆ ತಾಳ್ಮೆ ಇಲ್ಲ. ನೀನು ನಮ್ಮ ಹಿಂದೆ ಬಂದು ನಿಂತ್ರೆ ನಾವೆಲ್ಲ ಕೈ ಎತ್ತಿಬಿಡ್ತೀವಿ, ಹೇಗೂ ನೀನೇ ಮಾಡ್ತೀಯ ಅಂತ."

ಜೆರಾಕ್ಸ್ ಗೆದ್ದವನ ಹಾಗೆ ಎದ್ದು ಕೈತೊಳೆಯಲು ಹೋದ. ಅಜ್ಜಿ ಮಗನ ತಟ್ಟೆಯಲ್ಲಿ ಉಳಿದ ಅನ್ನ ನೋಡಿ ಒಂದು ದೊಡ್ಡ ನಿಟ್ಟುಸಿರು ಬಿಟ್ಟಳು. ಟೀಚರ್ ಅಂದು ಪಾತ್ರೆಗಳನ್ನು ತೊಳೆದ ಸದ್ದಿಗೆ ಪಕ್ಕದ ಮನೆಯವರು ಕಿಟಕಿ ಮುಚ್ಚಿಕೊಂಡರು.

ಮಾರನೇ ದಿನ ಲ್ಯಾಬಿನಲ್ಲಿ ಅವಳು ತನ್ನನ್ನು ತಾನೇ ಕಾವಲು ಕಾದಳು. ಮೌನಿ ಫೈಲು ಉಳಿಸಲು ತಡಕಾಡುತ್ತಿದ್ದಳು. ಬಾಣದ ಗುರುತು ತೆರೆಯ ಈ ಮೂಲೆಯಿಂದ ಆ ಮೂಲೆಗೆ ದಾರಿ ತಪ್ಪಿದ ಇರುವೆಯ ಹಾಗೆ ಓಡಾಡುತ್ತಿತ್ತು. ಅಷ್ಟರಲ್ಲಿ ಟೀಚರ್‌ನ ಕೈ ಮೌಸಿನ ಮೇಲೆ ಇತ್ತು. ಯಾವಾಗ ಹೋಯಿತೋ ಅವಳಿಗೇ ಗೊತ್ತಾಗಲಿಲ್ಲ. ಮೌನಿಯ ಕೈಗಳು ಆಗಲೇ ಮಡಿಲಿಗೆ ಬಂದು ಕೂತಿದ್ದವು. ಆಚೆಯ ಸಾಲಿನಿಂದ ಚೂಟಿ ಹುಬ್ಬು ಹಾರಿಸಿದಳು.

ಟೀಚರ್ ಮೌಸ್ ಬಿಟ್ಟಳು. ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು.

"ಕೇಳಿ ಎಲ್ಲರೂ. ಇವತ್ತಿಂದ ನಾನು ನಿಮ್ಮ ಮೌಸ್ ಮುಟ್ಟಲ್ಲ, ಕೀಬೋರ್ಡ್ ಮುಟ್ಟಲ್ಲ. ಬಾಯಲ್ಲಿ ಹೇಳ್ತೀನಿ, ಅದೂ ಒಂದೇ ಸಲ. ಆಮೇಲೆ ಪಕ್ಕದೋರನ್ನ ಕೇಳಿ. ಅವರೂ ಮುಟ್ಟೋ ಹಾಗಿಲ್ಲ. ತಪ್ಪಾದ್ರೆ ಆಗ್ಲಿ. ಕಂಪ್ಯೂಟರ್ ಏನು ಕಚ್ಚಲ್ಲ."

"ನೀವು ಕಚ್ತೀರಲ್ಲ ಮಿಸ್," ಎಂದಿತು ಹಿಂದಿನಿಂದ ಒಂದು ದನಿ. ತರಗತಿಯೆಲ್ಲ ನಕ್ಕಿತು. ಅವಳೂ ನಕ್ಕಳು, ಹಲ್ಲು ಕಚ್ಚಿಕೊಂಡೇ.

ಮೊದಲ ವಾರ ನೋಡುವಂತಿರಲಿಲ್ಲ. ಒಂದು ಪೀರಿಯಡ್ ಪೂರ್ತಿ ಹೋದರೂ ಅರ್ಧ ಜನ ತಮ್ಮ ಹೆಸರು ಟೈಪ್ ಮಾಡಿ ಉಳಿಸಿರಲಿಲ್ಲ. ಉಳಿಸಿದವರಿಗೆ ಎಲ್ಲಿ ಉಳಿಸಿದ್ದು ಅನ್ನುವುದು ತಿಳಿದಿರಲಿಲ್ಲ. ಹೆಡ್‌ಮಾಸ್ಟರು ಬಾಗಿಲಲ್ಲಿ ನಿಂತು, "ಹಗ್ಗ ಬಿಗೀತಾ ಇದೆಯಾ ಟೀಚರ್?" ಎಂದು ಕೇಳಿ ಹೋದರು. ಮನೆಗೆ ಬಂದರೆ ಅತ್ತೆ ಒಲೆ ಹಚ್ಚಿರಲಿಲ್ಲ.

"ನನ್ನ ಕೈಯಲ್ಲಿ ಆಗಲ್ಲಮ್ಮ, ಮೊಣಕಾಲು ನೋವು."

"ಬೆಳಿಗ್ಗೆ ಮಾರ್ಕೆಟ್ಟಿಗೆ ನಡ್ಕೊಂಡು ಹೋಗಿದ್ರಲ್ಲ ಅತ್ತೆ."

"ಅದಕ್ಕೇ ನೋವು."

ಟೀಚರ್ ಈರುಳ್ಳಿ ಹೆಚ್ಚಲು ಕೂತಳು. ಗಂಡ ಬಂದು ಪಕ್ಕದಲ್ಲಿ ಕೂತು, ಅವಳ ಕೈಯಿಂದ ಚಾಕು ತಗೊಂಡು ಕಣ್ಣು ಮಿಟುಕಿಸುವಷ್ಟರಲ್ಲಿ ಹೆಚ್ಚಿ ಮುಗಿಸಿದ.

"ಕಿತ್ಕೊಳ್ಳೋದು ನಮ್ಮ ಮನೆತನದ ರೋಗ ಕಣ್ರೀ," ಎಂದಳು ಅವಳು.

"ಏನು?"

"ಏನಿಲ್ಲ. ನಾಳೆ ಎಷ್ಟು ಜನಕ್ಕೆ ಅಡುಗೆ?"

"ಅದೇ ತಲೆನೋವು. ಒಂದು ದಿನ ಮುನ್ನೂರು, ಒಂದು ದಿನ ಐನೂರು. ಪ್ರತಿ ಸಲ ಅಕ್ಕಿ ಎಷ್ಟು, ಬೇಳೆ ಎಷ್ಟು, ಎಣ್ಣೆ ಎಷ್ಟು ಅಂತ ಮೊದಲಿಂದ ಲೆಕ್ಕ. ಸ್ಟೋರಿನವನು ಗಡಿಯಾರ ನೋಡ್ತಾ ನಿಂತಿರ್ತಾನೆ."

ಟೀಚರ್ ಚಾಕು ವಾಪಸು ತಗೊಂಡು ಹಲಗೆಯ ಮೇಲೆ ಗೆರೆ ಎಳೆಯತೊಡಗಿದಳು. ಚೌಕ, ಪಕ್ಕದಲ್ಲಿ ಇನ್ನೊಂದು ಚೌಕ. ನೀರಿನ ಮಾಲಿನ್ಯದಂಥ ಪ್ರಾಜೆಕ್ಟುಗಳಿಗೆ ಅವಳು ಅಂದೇ ಎಳ್ಳುನೀರು ಬಿಟ್ಟಳು.

ಮರುದಿನದಿಂದ ಇಡೀ ತರಗತಿ ಕ್ಯಾಂಟೀನಿನ ಅಡುಗೆಮನೆಯಾಯಿತು. ಮೇಲಿನ ಒಂದು ಚೌಕದಲ್ಲಿ ಊಟಕ್ಕೆ ಬರುವವರ ಸಂಖ್ಯೆ. ಕೆಳಗೆ ಸಾಲಾಗಿ ಅಕ್ಕಿ, ಬೇಳೆ, ಎಣ್ಣೆ, ಈರುಳ್ಳಿ, ಒಬ್ಬರಿಗೆ ಎಷ್ಟು ಬೇಕು ಅನ್ನುವುದು. ಅದರ ಪಕ್ಕದ ಚೌಕದಲ್ಲಿ ಒಂದು ಸೂತ್ರ ಬರೆದುಬಿಟ್ಟರೆ ಗುಣಿಸುವ ಕೆಲಸ ಕಂಪ್ಯೂಟರಿನದು. ಮೇಲೆ ಜನ ಹೆಚ್ಚಾದರೆ ಕೆಳಗೆ ಅಕ್ಕಿ ತಾನೇ ಹೆಚ್ಚಾಗುತ್ತದೆ.

ಇದು ಮಕ್ಕಳಿಗೆ ಹಿಡಿಸಿತು. ಒಬ್ಬ ಊರಿಗೆಲ್ಲ ಊಟ ಹಾಕಿದ. ಇನ್ನೊಬ್ಬಳು ಒಬ್ಬನೇ ನೆಂಟ ಬಂದರೆ ಎಷ್ಟು ಉಪ್ಪು ಎಂದು ನೋಡಿ ಬಿದ್ದು ಬಿದ್ದು ನಕ್ಕಳು. ಸೂತ್ರ ತಪ್ಪಿ ಒಬ್ಬನ ಕ್ಯಾಂಟೀನಿನಲ್ಲಿ ಒಬ್ಬೊಬ್ಬರಿಗೂ ಒಂದೊಂದು ಮೂಟೆ ಈರುಳ್ಳಿ ಬಂತು. ಟೀಚರ್ ಸಾಲುಗಳ ನಡುವೆ ಕೈ ಹಿಂದೆ ಕಟ್ಟಿಕೊಂಡು ಓಡಾಡಿದಳು. ಬೆರಳುಗಳು ತುರಿಸುತ್ತಿದ್ದವು. ಹೇಳಬೇಕಾದ್ದನ್ನು ಬಾಯಲ್ಲಿ ಹೇಳಿ, ಹೇಳಬಾರದ್ದನ್ನು ನುಂಗಿ, ಸಂಜೆಗೆ ಅವಳಿಗೆ ದವಡೆ ನೋಯುತ್ತಿತ್ತು. ಮೌನಿ ಮಾತ್ರ ಇನ್ನೂ ನಿಧಾನ. ಆದರೆ ಅವಳ ಕೈಗಳು ಈಗ ಮಡಿಲಿಗೆ ಹೋಗುತ್ತಿರಲಿಲ್ಲ.

ಜೆರಾಕ್ಸ್ ಸುಮ್ಮನೆ ಕೂರುವವನಲ್ಲ. ಪರೀಕ್ಷೆಗೆ ಕ್ಯಾಂಟೀನ್ ಪಟ್ಟಿ ಬರುತ್ತದೆ ಅನ್ನುವುದು ಅವನಿಗೆ ಮನೆಯಲ್ಲೇ ಗೊತ್ತಾಗಿತ್ತು. ತಾನೇ ಒಂದು ಪಟ್ಟಿ ತಯಾರಿಸಿ, ಬಣ್ಣ ಬಳಿದು, ಮೂಲೆಯಲ್ಲಿ ಒಂದು ಸೌಟಿನ ಚಿತ್ರ ಹಾಕಿ, ಕೇಳಿದ ಮಕ್ಕಳ ಪೆನ್‌ಡ್ರೈವಿಗೆಲ್ಲ ತುಂಬಿ ಕೊಟ್ಟ. "ಪರೀಕ್ಷೆ ದಿನ ಇದನ್ನ ತೆಗೆದು ತೋರಿಸಿ, ಸಾಕು," ಎಂದ.

ಒಂದು ಬೆಳಿಗ್ಗೆ ಲ್ಯಾಬಿನಲ್ಲಿ ಹಲವು ತೆರೆಗಳ ಮೇಲೆ ಅದೇ ಸೌಟು ಕಂಡಾಗ ಟೀಚರ್‌ನ ಕಿವಿ ಬಿಸಿಯಾಯಿತು. ಬೈಯಲಿಲ್ಲ. "ಚೆನ್ನಾಗಿದೆ," ಎಂದಳು. "ಊಟಕ್ಕೆ ಇನ್ನೂರು ಜನ ಜಾಸ್ತಿ ಬಂದ್ರು. ಮೇಲಿನ ಸಂಖ್ಯೆ ಬದಲಾಯಿಸಿ."

ಬದಲಾಯಿಸಿದರು. ಅಕ್ಕಿ ಅಲ್ಲಾಡಲಿಲ್ಲ. ಬೇಳೆ ಅಲ್ಲಾಡಲಿಲ್ಲ. ಟೀಚರ್ ಬಗ್ಗಿ ನೋಡಿದಳು. ಯಾವ ಚೌಕದಲ್ಲೂ ಸೂತ್ರ ಇರಲಿಲ್ಲ, ಬರೀ ಅಂಕಿಗಳಿದ್ದವು. ಅವಳಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಕುರ್ಚಿ ಹುಡುಕಿಕೊಂಡು ಕೂತಳು.

ಅಂದು ಸಂಜೆ ಊಟಕ್ಕೆ ಮೊದಲೇ ಅಂಗಡಿಗೆ ಹೋದಳು. ಹಿಂದೆ ಚೂಟಿ, ಅವಳ ಹಿಂದೆ ಅಜ್ಜಿ. ಜಗಳ ಆಗುವುದಾದರೆ ತಪ್ಪಿಹೋಗಬಾರದಲ್ಲ.

"ನಿನ್ನ ಸೌಟಿನ ಪಟ್ಟಿ ತೆಗೆಯಪ್ಪ. ಮುನ್ನೂರರ ಬದಲು ಐನೂರು ಜನ ಅಂತ ಮಾಡು."

"ಅದೇನು ಮಹಾ," ಎಂದು ಜೆರಾಕ್ಸ್ ಮೇಲಿನ ಸಂಖ್ಯೆ ಬದಲಾಯಿಸಿದ. ಆಮೇಲೆ ಡ್ರಾಯರಿನಿಂದ ಕ್ಯಾಲ್ಕ್ಯುಲೇಟರ್ ತೆಗೆದ. ಅಕ್ಕಿಯ ಲೆಕ್ಕ ಒತ್ತಿ, ಬಂದದ್ದನ್ನು ನೋಡಿ, ಚೌಕದಲ್ಲಿ ಟೈಪ್ ಮಾಡಿದ. ಬೇಳೆಯದು ಒತ್ತಿದ, ಟೈಪ್ ಮಾಡಿದ. ಎಣ್ಣೆಯದು ಒತ್ತಿದ.

ಚೂಟಿಯ ಬಾಯಿ ತೆರೆದೇ ಇತ್ತು. "ಚಿಕ್ಕಪ್ಪಾ! ಕಂಪ್ಯೂಟರ್ ಮುಂದೆ ಕೂತ್ಕೊಂಡು ಕ್ಯಾಲ್ಕ್ಯುಲೇಟರಾ?"

"ಮತ್ತೆ? ಲೆಕ್ಕ ಬಾಯಲ್ಲಿ ಮಾಡಲಾ?"

ಚೂಟಿ ನಗಲು ಶುರು ಮಾಡಿದಳು. ಹೊಟ್ಟೆ ಹಿಡಿದುಕೊಂಡು ಜೆರಾಕ್ಸ್ ಯಂತ್ರಕ್ಕೆ ಒರಗಿ ನಕ್ಕಳು. "ಅಜ್ಜಿ, ಇವನು ಸೈಕಲ್ಲನ್ನ ತಲೆ ಮೇಲೆ ಹೊತ್ಕೊಂಡು ಓಡ್ತಿದಾನೆ!" ಅಜ್ಜಿಗೆ ಏನೂ ತಿಳಿಯದಿದ್ದರೂ ಮೊಮ್ಮಗಳ ನಗು ಅಂಟಿ ಅವಳೂ ಕಿಸಕ್ಕೆಂದಳು. ಜೆರಾಕ್ಸನ ಮುಖ ಕಪ್ಪಿಟ್ಟಿತು. ಅವನಿಗೆ ಯಾರೂ ಕಲಿಸಿರಲಿಲ್ಲ. ಹಿಂದೆ ಕೆಲಸಕ್ಕಿದ್ದ ಅಂಗಡಿಯ ಮಾಲೀಕ ಮಾಡುವುದನ್ನು ಪಕ್ಕದಲ್ಲಿ ನಿಂತು ನೋಡಿ ನೋಡಿ ಕಲಿತದ್ದಷ್ಟೇ. ಆ ಮಾಲೀಕನ ಮೇಜಿನ ಮೇಲೂ ಕ್ಯಾಲ್ಕ್ಯುಲೇಟರ್ ಇತ್ತು.

"ಎಲ್ಲರೂ ಹೊರಗೆ ಹೋಗಿ!" ಎಂದು ಕಿರುಚಿ ಅಂಗಡಿಯ ಬಾಗಿಲು ಎಳೆದುಕೊಂಡ.

ಅಂದು ಅವನು ಊಟಕ್ಕೆ ಬರಲಿಲ್ಲ. ಮಗ ಉಣ್ಣದಿದ್ದರೆ ತಾನೂ ಉಣ್ಣುವುದಿಲ್ಲ ಎಂದು ಅಜ್ಜಿ ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಯಜಮಾನ ಕೊನೆಗೂ ಬಾಯಿಬಿಟ್ಟ.

"ಮನೇಲಿ ಅಡುಗೆ ಮಾಡೋನು ಇದೀನಿ, ತಿನ್ನೋರೇ ಇಲ್ಲ. ಕ್ಯಾಂಟೀನೇ ವಾಸಿ. ಅವನ ಮುಂದೆ ನಗಬಾರದಿತ್ತು."

"ನಕ್ಕಿದ್ದು ನಾನಲ್ಲ," ಎಂದಳು ಟೀಚರ್.

"ಒಳಗೊಳಗೇ ನಕ್ಕೆ."

"ಅದಕ್ಕೂ ಲೆಕ್ಕ ಇಡ್ತೀರಾ?"

ಅವಳು ಒಂದು ತಟ್ಟೆಯಲ್ಲಿ ಬಡಿಸಿ, ಮುಚ್ಚಿ, ಚೂಟಿಯ ಕೈಗೆ ಕೊಟ್ಟಳು. "ಹೋಗಿ ಕೊಟ್ಟು ಬಾ. ಕ್ಷಮಿಸು ಅನ್ನು."

"ಅವನು ಮಕ್ಕಳಿಗೆ ಮೋಸ ಮಾಡಿದ್ದು. ನಾನ್ಯಾಕೆ?"

"ನಕ್ಕಿದ್ದಕ್ಕೆ. ಗೊತ್ತಿಲ್ಲದೋರನ್ನ ನೋಡಿ ನಗೋದಾದ್ರೆ ನಿಮ್ಮ ತರಗತೀಲಿ ನಾನು ದಿನಾ ನಗಬೇಕಾಗಿತ್ತು. ನಡಿ."

ತಟ್ಟೆ ಖಾಲಿಯಾಗಿ ವಾಪಸು ಬಂತು. ಅಜ್ಜಿ ಎದ್ದು ಕೂತು, "ನಂಗೂ ಒಂದಿಷ್ಟು ಹಾಕು, ಪಲ್ಯ ಜಾಸ್ತಿ," ಎಂದಳು.

ಮುಂದಿನ ವಾರ ಟೀಚರ್ ಅಡುಗೆಮನೆಯಲ್ಲಿ ಅಕ್ಕಿ ಆರಿಸುತ್ತಿದ್ದಾಗ ಅಂಗಡಿಯಿಂದ ಮಾತು ಕೇಳಿಸಿತು.

"ಇಲ್ಲಿ ಒತ್ಲಾ?" ಜೆರಾಕ್ಸನ ದನಿ.

"ಗೊತ್ತಿಲ್ಲ, ಒತ್ತಿ ನೋಡು."

"ಏ, ನೀನೇ ಒಂದು ಸಲ ಮಾಡಿ ತೋರಿಸೇ, ಸಾಯಿಸ್ಬೇಡ."

"ನಾನು ಮೌಸ್ ಮುಟ್ಟಲ್ಲ ಚಿಕ್ಕಪ್ಪ. ಕೈ ಹಿಂದೆ ಕಟ್ಕೊಂಡಿದೀನಿ ನೋಡು."

"ನಿಮ್ಮಮ್ಮನ ಮಗಳೇ ಕಣೆ ನೀನು."

"ಬೈದ್ರೆ ಫೀಸು ಜಾಸ್ತಿ."

ಕೀಲಿಗಳು ಒಂದೊಂದಾಗಿ ಸದ್ದು ಮಾಡಿದವು. ಆಮೇಲೆ, "ಏ! ಏ! ತಾನೇ ಬದಲಾಯ್ತು! ಅಮ್ಮಾ, ಬಾ ಇಲ್ಲಿ, ನೋಡು ಬಾ!" ಅಜ್ಜಿ ಮೊಣಕಾಲಿನ ನೋವು ಮರೆತು ಓಡಿದಳು. ಟೀಚರ್ ಎದ್ದು ಹೋಗಲಿಲ್ಲ. ಅಕ್ಕಿಯ ಮೊರವನ್ನು ತೊಡೆಯ ಮೇಲಿಟ್ಟುಕೊಂಡು ಒಬ್ಬಳೇ ನಕ್ಕಳು. ಈ ಸಲ ಒಳಗೊಳಗೇ ಅಲ್ಲ.

ಜೆರಾಕ್ಸ್ ಮೊದಲು ಅಣ್ಣನಿಗೆ ಪಟ್ಟಿ ಮಾಡಿಕೊಟ್ಟ. ಬೆಳಿಗ್ಗೆ ಜನ ಎಷ್ಟು ಅನ್ನುವುದು ಗೊತ್ತಾದ ಕೂಡಲೇ ಸಾಮಾನು ಎಷ್ಟು ಅನ್ನುವುದು ಕೈಯಲ್ಲಿರುತ್ತಿತ್ತು. ಸ್ಟೋರಿನವನು ಗಡಿಯಾರ ನೋಡುವುದು ಬಿಟ್ಟ. ಅದನ್ನು ಕಂಡು ಪಕ್ಕದ ಬೀದಿಯ ಬಡಗಿ ಬಂದ, ಮರ, ಮೊಳೆ, ಕೂಲಿ ಸೇರಿಸಿ ಕಪಾಟಿನ ಅಂದಾಜು ಹಾಕಿಸಲು. ಬೇಕರಿಯವನು ಬಂದ. ಮಕ್ಕಳಿಲ್ಲದೆ ಖಾಲಿ ಹೊಡೆಯುತ್ತಿದ್ದ ಅಂಗಡಿಯಲ್ಲಿ ಸಂಜೆ ಮತ್ತೆ ಮಾತು ಶುರುವಾಯಿತು. ಆದರೂ ಜೆರಾಕ್ಸ್ ಅತ್ತಿಗೆಯ ಮುಂದೆ ಸೋಲು ಒಪ್ಪಲಿಲ್ಲ. ಊಟದ ಹೊತ್ತಿಗೆ, "ನಿಮ್ಮ ಮಕ್ಕಳು ಪರೀಕ್ಷೇಲಿ ಉರುಳಿದ್ರೆ ನನ್ನ ಹತ್ರ ಕಳ್ಸಿ, ನಾನು ಕಲಿಸ್ತೀನಿ," ಎಂದ.

"ಕ್ಯಾಲ್ಕ್ಯುಲೇಟರ್ ಒತ್ತೋದಾ?" ಎಂದಳು ಅತ್ತಿಗೆ.

ಅಜ್ಜಿಯೇ ಮೊದಲು ನಕ್ಕಳು.

ಪರೀಕ್ಷೆಯ ದಿನ ಬಂದವಳು ತೆಳ್ಳಗಿನ, ಕನ್ನಡಕ ತಲೆಯ ಮೇಲೇರಿಸಿಕೊಂಡ ಪರೀಕ್ಷಕಿ. ಮಕ್ಕಳು ಕೂತರು. ಟೀಚರ್ ಎಂದಿನಂತೆ ಹಿಂದೆ ನಿಂತಳು. ಪರೀಕ್ಷಕಿ ಅವಳನ್ನು ಮೇಲಿಂದ ಕೆಳಗೆ ನೋಡಿದಳು.

"ನೀವು ಹೊರಗಿರಿ ಟೀಚರ್. ಕಲಿಸಿದೋರು ಒಳಗಿದ್ರೆ ಮಕ್ಕಳ ಕಣ್ಣು ತೆರೆ ಮೇಲೆ ಇರಲ್ಲ, ನಿಮ್ಮ ಮೇಲಿರುತ್ತೆ."

ಟೀಚರ್ ಹೊರಗೆ ಬಂದಳು. ಕಾರಿಡಾರಿನಲ್ಲಿ ಹೆಡ್‌ಮಾಸ್ಟರು ಆಗಲೇ ಕಿಟಕಿಯ ಪಕ್ಕ ಜಾಗ ಹಿಡಿದಿದ್ದರು. ಪೆನ್‌ಡ್ರೈವುಗಳನ್ನೆಲ್ಲ ಪರೀಕ್ಷಕಿ ಒಂದು ಬುಟ್ಟಿಯಲ್ಲಿ ಹಾಕಿಸಿಕೊಂಡು ಮೇಜಿನ ಕೆಳಗೆ ತಳ್ಳಿದಳು. ಹಾಸ್ಟೆಲ್ಲೊಂದರ ಬೆಳಗಿನ ತಿಂಡಿಯ ಪಟ್ಟಿ ಮಾಡಿ ಎಂದಳು. ಹಾಲು, ಬ್ರೆಡ್ಡು, ಮೊಟ್ಟೆ. ಮಕ್ಕಳು ಇದನ್ನು ಮಾಡಿರಲಿಲ್ಲ. ಒಂದು ಗಳಿಗೆ ಲ್ಯಾಬಿನಲ್ಲಿ ಫ್ಯಾನಿನ ಸದ್ದು ಮಾತ್ರ.

ಆಮೇಲೆ ಒಂದು ಕೀಲಿ ಸದ್ದು ಮಾಡಿತು. ಇನ್ನೊಂದು. ಸ್ವಲ್ಪದರಲ್ಲೇ ತಗಡಿನ ಮಾಡಿನ ಮೇಲೆ ಆಲಿಕಲ್ಲು ಬಿದ್ದ ಹಾಗೆ ಲ್ಯಾಬ್ ತುಂಬ ಕಟಕಟ.

ಪರೀಕ್ಷಕಿ ಒಂದೊಂದೇ ಯಂತ್ರದ ಹತ್ತಿರ ನಿಂತು, "ಈಗ ಐವತ್ತು ಜನ ಕಡಿಮೆ ಮಾಡು," "ಮೊಟ್ಟೆ ಒಬ್ಬರಿಗೆ ಎರಡು ಮಾಡು," ಎನ್ನುತ್ತ ಹೋದಳು. ಮೇಲೆ ಬದಲಾದರೆ ಕೆಳಗೆ ಬದಲಾಗುತ್ತಿತ್ತು. ಎಲ್ಲೋ ಒಂದಿಬ್ಬರು ತಪ್ಪಿದರು, ತಾವೇ ತಿದ್ದಿಕೊಂಡರು. ಮೌನಿಯ ಸರದಿ ಬಂತು. ಅವಳು ಏನೋ ಒತ್ತಿದಳು, ಇಡೀ ಪಟ್ಟಿ ಮಾಯವಾಯಿತು. ತೆರೆ ತೊಳೆದಿಟ್ಟ ತಟ್ಟೆಯ ಹಾಗೆ ಖಾಲಿ.

"ಹೋಯ್ತು," ಎಂದರು ಹೆಡ್‌ಮಾಸ್ಟರು.

ಟೀಚರ್‌ನ ಕಾಲು ಬಾಗಿಲ ಕಡೆ ಒಂದು ಹೆಜ್ಜೆ ಇಟ್ಟಾಗಿತ್ತು. ಮೌನಿ ಕಿಟಕಿಯ ಕಡೆ ತಲೆ ಎತ್ತಿದಳು. ಟೀಚರ್ ಅವಳನ್ನು ನೋಡಲಿಲ್ಲ. ಬೇಕೆಂದೇ ತಿರುಗಿ ನಿಂತು, ಗೋಡೆಯ ಮೇಲೆ ಅಂಟಿಸಿದ್ದ ನೋಟೀಸು ಓದತೊಡಗಿದಳು. ಯಾವಾಗಿನದೋ ಹಳೆಯ ನೋಟೀಸು, ಒಂದಕ್ಷರ ತಲೆಗೆ ಹೋಗಲಿಲ್ಲ.

ಒಳಗಿನಿಂದ ಪರೀಕ್ಷಕಿಯ ದನಿ ಕೇಳಿಸಿತು. "ಈಗೇನು ಮಾಡ್ತೀಯಮ್ಮ?"

ಮೌನಿ ಮಾತಾಡಿದಳು. ಕಾರಿಡಾರಿಗೂ ಕೇಳುವ ಹಾಗೆ ಮಾತಾಡಿದಳು. "ಒಂದು ಹೆಜ್ಜೆ ಹಿಂದಕ್ಕೆ ಹೋಗ್ತೀನಿ ಮೇಡಂ. ಕಂಟ್ರೋಲ್ ಹಿಡ್ಕೊಂಡು ಜೆಡ್ ಒತ್ತಿದ್ರೆ ವಾಪಸು ಬರುತ್ತೆ. ಬಂತು ನೋಡಿ. ಈಗ ಹೇಳಿ, ಎಷ್ಟು ಜನ ಮಾಡಲಿ?"

ಪರೀಕ್ಷಕಿ ಕನ್ನಡಕವನ್ನು ತಲೆಯಿಂದ ಕಣ್ಣಿಗೆ ಇಳಿಸಿಕೊಂಡು ಆ ಹುಡುಗಿಯನ್ನು ಚೆನ್ನಾಗಿ ನೋಡಿದಳು.

ಹೆಡ್‌ಮಾಸ್ಟರು ಕೆಮ್ಮಿದರು. "ಟೀಚರ್, ಮುಂದಿನ ವರ್ಷ ಹತ್ತನೇ ತರಗತಿಗೂ ಈ ಪೀರಿಯಡ್ ಹಾಕೋಣ. ಗಣಿತದ ಮೇಷ್ಟ್ರಿಗೆ ನಾನು ಹೇಳ್ಕೋತೀನಿ."

"ಹಗ್ಗ ಏನಾಯ್ತು ಸರ್?"

"ಯಾವ ಹಗ್ಗ?" ಎಂದರು ಅವರು, ಕಿಟಕಿಯಿಂದ ಕಣ್ಣು ತೆಗೆಯದೆ.

ಬಾಗಿಲು ತೆರೆದು ಪರೀಕ್ಷಕಿ ತಲೆ ಹೊರಗೆ ಹಾಕಿದಳು. "ಬನ್ನಿ ಟೀಚರ್, ಇನ್ನು ನೀವು ಒಳಗೆ ಬರಬಹುದು. ಇನ್ನೊಂದು ಸಾಲು ಬಾಕಿ ಇದೆ. ಮಕ್ಕಳ ಜೊತೆ ಇರಿ."

ಟೀಚರ್ ಬಾಗಿಲಲ್ಲಿ ಇಣುಕಿದಳು. ಯಾರೂ ಅವಳ ಕಡೆ ತಿರುಗಲಿಲ್ಲ. ಚೂಟಿ ಕೂಡ ನಾಲಿಗೆ ತುದಿ ಹೊರಗೆ ಚಾಚಿ ತೆರೆಯಲ್ಲಿ ಮುಳುಗಿದ್ದಳು. ಮೌನಿ ತನ್ನ ಹಾಸ್ಟೆಲಿಗೆ ಇನ್ನಷ್ಟು ಜನರನ್ನು ಸೇರಿಸುತ್ತಿದ್ದಳು, ಯಾರೂ ಹೇಳದಿದ್ದರೂ.

"ಅಲ್ಲಿ ನಂಗೇನು ಕೆಲಸ ಇದೆ ಮೇಡಂ?" ಎಂದಳು ಟೀಚರ್.

ಕಾರಿಡಾರಿನ ಗೂಟದಿಂದ ಕೈಚೀಲ ತೆಗೆದುಕೊಂಡಳು. ಹಿಂದಿನಿಂದ ಹೆಡ್‌ಮಾಸ್ಟರು, "ಟೀಚರ್! ಇನ್ನೂ ಮುಗಿದಿಲ್ಲ, ಎಲ್ಲಿಗೆ ಹೊರಟ್ರಿ?" ಎಂದು ಕೂಗಿದರು. ಅವಳು ಆಗಲೇ ಮೆಟ್ಟಿಲಿಳಿದು ಮೈದಾನದ ಅರ್ಧ ದಾಟಿದ್ದಳು. ಕೀಲಿಗಳ ಕಟಕಟ ಗೇಟಿನವರೆಗೂ ಅವಳ ಜೊತೆ ಬಂತು. ಬೀದಿಗೆ ಇಳಿದ ಮೇಲೆ ಗಾಡಿಗಳ ಸದ್ದು ಅದನ್ನು ಮುಚ್ಚಿತು. ಅವಳು ಹಿಂತಿರುಗಿ ನೋಡದೆ, ಬಿರಬಿರನೆ, ಬಿಸಿಲಿನಲ್ಲಿ ನಡೆದಳು.